ಕೆನ್ಯಾದ ಮಿಷನ್ ಶಾಲೆಯ ಶಿಕ್ಷಕರಿಗೆ ಸೆರಾಮಿಕ್ ಜಿಕೊ ಒಲೆ

ಕೆನ್ಯಾದ ಹಳ್ಳಿಯ ಮಿಷನ್ ಶಾಲೆಗೆ ಪಾಠ ಹೇಳಲು ಹೋಗುವವರು ಮೊದಲ ವಾರವೇ ಕೊಳ್ಳಬೇಕಾದ ಸಾಮಾನು ಈ ಇದ್ದಿಲೊಲೆ. 1980ರ ದಶಕದಲ್ಲಿ ಬಳಕೆಗೆ ಬಂದದ್ದು. ಸೊಂಟ ಸಣ್ಣಗಿರುವ ತಗಡಿನ ಕವಚ, ಮೇಲರ್ಧಕ್ಕೆ ಸುಟ್ಟ ಮಣ್ಣಿನ ಒಳಪದರ. ಶಾಖ ಪಕ್ಕಕ್ಕೆ ಸೋರುವುದು ಕಡಿಮೆಯಾದ್ದರಿಂದ ಬರೀ ತಗಡಿನ ಒಲೆಗಿಂತ ಇದ್ದಿಲು ಚೆನ್ನಾಗಿ ಉಳಿಯುತ್ತದೆ.

ಕೊಳ್ಳುವಾಗ ಒಳಪದರವನ್ನು ಅಲುಗಾಡಿಸಿ ನೋಡಿ. ಸಡಿಲವಿದ್ದರೆ, ಸೀಳಿದ್ದರೆ ಬೇಡ. ಮೊದಲ ಕೆಲವು ಸಲ ಸಣ್ಣ ಕೆಂಡವೇ ಸಾಕು, ಮಣ್ಣಿನ ತೇವ ನಿಧಾನವಾಗಿ ಆರಲಿ. ಬಿಸಿ ಒಲೆಗೆ ನೀರು ಸುರಿದು ಆರಿಸಿದರೆ ಪದರ ಬಿರಿಯುವುದು ಖಂಡಿತ. ಹೊತ್ತಿಸುವಾಗ ಗಾಳಿಬಾಗಿಲು ಪೂರ್ತಿ ತೆರೆದಿರಲಿ, ಕೆಂಡ ಕೆಂಪಾದ ಮೇಲೆ ಅರ್ಧ ಮುಚ್ಚಿ. ಒಳಪದರದ ತಳದ ತೂತುಗಳಲ್ಲಿ ಬೂದಿ ಕಟ್ಟಿದರೆ ಉರಿ ಸಾಯುತ್ತದೆ.

ರಾತ್ರಿ ನೆನೆಸಿದ ರಾಜ್ಮಾವನ್ನು ಹೊಸ ನೀರಿನಲ್ಲಿ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಸಣ್ಣ ಕಾವಿಗೆ ಬಿಟ್ಟರೆ ಸಂಜೆಯ ಉತ್ತರಪತ್ರಿಕೆ ತಿದ್ದುವಷ್ಟರಲ್ಲಿ ಮೆತ್ತಗಾಗುತ್ತದೆ. ಇದಕ್ಕೆ ಜಿಕೊಗಿಂತ ಒಳ್ಳೆಯ ಒಲೆ ಇಲ್ಲ. ಬೆಳಗ್ಗೆ ಶಾಲೆಯ ಗಂಟೆ ಬಾರಿಸುವ ಮುಂಚಿನ ಚಹಾಕ್ಕೆ ಮಾತ್ರ ಇದು ತೀರಾ ನಿಧಾನ. 6 ಕೆಜಿ ಸಿಲಿಂಡರಿನ ತಲೆಗೇ ಬರ್ನರ್ ಕೂರಿಸುವ ಗ್ಯಾಸ್ ಜೊತೆಗಿರಲಿ.

ಎತ್ತರದ ಊರುಗಳ ಚಳಿಗೆ ಹೆದರಿ ಇದನ್ನು ಮಲಗುವ ಕೋಣೆಗೆ ಒಯ್ಯಲೇಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.