ಬೆಳಗಾವಿ ಡಾಗ್ ಶೋ ಹ್ಯಾಂಡ್ಲಿಂಗ್ ಕ್ಲಾಸ್: ಹೊಸಬರಿಗೆ ಅಡ್ಡಿ ಇಲ್ಲ

ಟಿಳಕವಾಡಿ ಕಡೆ ಸಂಡೇ ಮುಂಜಾನೆ ನಡಿಯೋ ಕ್ಲಾಸ್ ಇದು, ನಮ್ಮ ಮುಧೋಳ ತಳಿ ನಾಯಿ ಮರೀನ ಹಾಕೇವಿ. ಕಲಿಸೋದು ಚಲೋ ಐತ್ರಿ. ನಾಲ್ಕೂ ಕಾಲು ನೆಟ್ಟಗ ಇಟ್ಟು ನಿಲ್ಲಿಸೋದು, ಶೋ ಲೀಡ್ (ಶೋದಾಗ ಹಾಕೋ ತೆಳ್ಳನ ಹಗ್ಗ) ಸಡಿಲ ಬಿಟ್ಟು ಎಡಕ್ಕ ಇಟ್ಕೊಂಡು ಒಂದೇ ಸಮ ಓಡಿಸೋದು, ಜಡ್ಜ್ ಹಲ್ಲು ನೋಡುವಾಗ ಅಲುಗಾಡದಂಗ ಮಾಡೋದು. ನಮ್ಮ ಮುಧೋಳಕ್ಕ ಹೊರಗಿನವರು ಮೈ ಮುಟ್ಟಿದ್ರ ಆಗೂದೇ ಇಲ್ಲ ನೋಡ್ರಿ, ಅದಕ್ಕ ಅಲ್ಲಿ ಬಂದವರೆಲ್ಲಾರ ಕಡಿಂದ ಒಬ್ಬೊಬ್ಬರಾಗಿ ಮುಟ್ಟಿಸಿ ರೂಢಿ ಮಾಡಸ್ತಾರ, ಇದೊಂದಕ್ಕ ಫೀ ವಸೂಲ್ ಅನಸ್ತು.

ಮೈ ತುಂಬಿಸ್ರಿ ಅಂತ ನೆಂಟರು ಹೇಳೋದು ಕೇಳಬ್ಯಾಡ್ರಿ ಅಂತ ಕ್ಲಾಸಿನವರು ಅಂದ್ರು, ಖರೇನ, ಮುಧೋಳದಂಥ ಬೇಟೆ ನಾಯಿ ತೆಳ್ಳಗನ ಇರಬೇಕು.

ಬ್ಯಾಸರ ಅಂದ್ರ ಪೇಪರ್ ವಿಷಯ ಏನೂ ಹೇಳಂಗಿಲ್ಲ, ಬರೇ ಪ್ರೋಟೀನ್ ಪೌಡರ್ ತಗೋರಿ ಅಂತ ಗಂಟ ಬೀಳ್ತಾರ. ತಳಿ ನಾಯಿಗಳ ಹೆಸರು ದಾಖಲೆ ಮಾಡೋ ಕೆನಲ್ ಕ್ಲಬ್ ಆಫ್ ಇಂಡಿಯಾದ ರಿಜಿಸ್ಟ್ರೇಷನ್, ಗುರುತಿಗೆ ಚರ್ಮದ ಕೆಳಗ ಹಾಕೋ ಮೈಕ್ರೋಚಿಪ್ ಎಲ್ಲಾ ನಾವ ವಿಚಾರಿಸಬೇಕಾತು, ಅಲ್ಲಿ ಮುಧೋಳ ಅಂತ ಹುಡುಕಿದ್ರ ಸಿಗೂದಿಲ್ಲ, ಕ್ಯಾರವಾನ್ ಹೌಂಡ್ ಅಂತ ನೋಡ್ರಿ. ಇನ್ನೂ ಮರಿ ತಂದಿಲ್ಲ ಅಂದ್ರ ಮೊದಲ ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರಕ್ಕ ಹೋಗಿ ಬರ್ರಿ, ಮುಧೋಳದ ಹತ್ರನ ಐತಿ.

ಗ್ರೌಂಡಿನ್ಯಾಗ ನೆರಳಿಲ್ಲ, ನೀರು ಮನಿಯಿಂದನ ಒಯ್ರಿ. ಕ್ಲಾಸಿಗೆ ಐದು ಸ್ಟಾರಿಗೆ ಮೂರೂವರೆ ಕೊಡ್ತೇವಿ.