ವಿಂಡೋಸ್ ಫಾಂಟ್ ವ್ಯೂವರ್: ಎಂಟು ವರ್ಷ ಡಬಲ್ ಕ್ಲಿಕ್ ಮಾಡಿದವನ ಅನಿಸಿಕೆ

ಫಾಂಟ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಂದು ಬಿಳಿ ಕಿಟಕಿ ತೆರೆದುಕೊಳ್ಳುತ್ತದಲ್ಲ, ಅದರ ವಿಮರ್ಶೆ ಇದು. ಅದಕ್ಕೂ ವಿಮರ್ಶೆಯಾ ಅಂತ ನಗಬಹುದು. ವಿಂಡೋಸ್ ಜೊತೆಗೇ ಬರುವುದರಿಂದ ಅದೊಂದು ಪ್ರೋಗ್ರಾಂ ಅಂತ ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಆದರೆ ನನ್ನದು ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರ್‌ನಲ್ಲಿ ಪುಸ್ತಕದ ಪುಟ ಜೋಡಿಸುವುದು. ಎಂಟು ವರ್ಷದಿಂದ ಹೆಚ್ಚುಕಮ್ಮಿ ದಿನಾ ಅದನ್ನು ತೆರೆದಿದ್ದೇನೆ, ಬೈದಿದ್ದೇನೆ, ಆದರೂ ಬಿಟ್ಟಿಲ್ಲ.

ಮೊದಲು ಅದರಲ್ಲಿ ಏನಿದೆ ಅಂತ ನೋಡೋಣ. ಮೇಲೆ ಫಾಂಟಿನ ಹೆಸರು, ವರ್ಷನ್, ಟ್ರೂಟೈಪೋ ಓಪನ್‌ಟೈಪೋ ಅನ್ನುವ ಒಂದು ಸಾಲು. ಕೆಳಗೆ ಇಂಗ್ಲಿಷ್ ಅಕ್ಷರಮಾಲೆ, ಅಂಕಿಗಳು. ಅದರ ಕೆಳಗೆ ಕಂದು ನರಿಯೊಂದು ಸೋಮಾರಿ ನಾಯಿಯ ಮೇಲಿಂದ ಜಿಗಿಯುವ ಆ ಪ್ರಸಿದ್ಧ ಇಂಗ್ಲಿಷ್ ವಾಕ್ಯ, 12ರಿಂದ 72 ಪಾಯಿಂಟ್‌ವರೆಗೆ ಏಳು ಅಳತೆಗಳಲ್ಲಿ. ಪ್ರಿಂಟ್ ಮತ್ತು ಇನ್‌ಸ್ಟಾಲ್ ಎಂಬ ಎರಡು ಬಟನ್. ಅಷ್ಟೇ. ಕ್ಷಣದಲ್ಲಿ ತೆರೆಯುತ್ತದೆ, ಏನನ್ನೂ ಕೇಳುವುದಿಲ್ಲ.

ಹೊಸಬರು ಆ ವರ್ಷನ್ ಸಾಲನ್ನು ನೋಡುವುದೇ ಇಲ್ಲ. ನಾನೂ ನೋಡುತ್ತಿರಲಿಲ್ಲ. ಒಂದು ಸಲ 212 ಪುಟದ ಪುಸ್ತಕವೊಂದು ಪ್ರೂಫ್ ಕೂಡ ಮುಗಿದು ಪ್ರೆಸ್ಸಿಗೆ ಹೋಗುವುದಿತ್ತು. ಅದೇ ವಾರ ಬೇರೆ ಯಾವುದೋ ಕೆಲಸಕ್ಕೆ ಫಾಂಟ್ ಇಳಿಸಿಕೊಂಡೆ. ಫೈಲಿನ ಹೆಸರು ಬೇರೆ ಇತ್ತು. ಇನ್‌ಸ್ಟಾಲ್ ಒತ್ತಿದಾಗ ‘ಇದು ಈಗಾಗಲೇ ಇದೆ, ಬದಲಾಯಿಸಲೇ?’ ಅಂತ ಕೇಳಿತು. ಅವಸರದಲ್ಲಿ ಹೂಂ ಅಂದುಬಿಟ್ಟೆ. ಮಾರನೇ ದಿನ ಪುಸ್ತಕದ ಫೈಲ್ ತೆರೆದರೆ 216 ಪುಟ! ಪರಿವಿಡಿಯ ಪುಟಸಂಖ್ಯೆಗಳೆಲ್ಲ ತಪ್ಪು. ಪುಸ್ತಕಕ್ಕೆ ಹಾಕಿದ್ದ ಫಾಂಟಿನದೇ ಹೊಸ ಆವೃತ್ತಿ ಅದು. ಅಕ್ಷರಗಳ ಅಗಲ ಕೂದಲೆಳೆಯಷ್ಟು ಬದಲಾಗಿತ್ತು. ಸಾಲಿಗೆ ಒಂದಕ್ಷರ ಆಚೀಚೆಯಾದರೂ ಇಡೀ ಪುಸ್ತಕದ ಲೆಕ್ಕದಲ್ಲಿ ಅದು ನಾಲ್ಕು ಪುಟವಾಗುತ್ತದೆ. ವಿಂಡೋಸ್ ಫಾಂಟನ್ನು ಗುರುತಿಸುವುದು ಅದರ ಒಳಗೆ ಬರೆದಿರುವ ಹೆಸರಿನಿಂದ. ಫೈಲಿಗೆ ನಾವು ಏನು ಹೆಸರಿಟ್ಟರೂ ಅದಕ್ಕೆ ಸಂಬಂಧವಿಲ್ಲ. ವ್ಯೂವರ್ ಆ ಒಳಗಿನ ಹೆಸರನ್ನೂ ವರ್ಷನ್ನನ್ನೂ ಕಣ್ಣೆದುರೇ ತೋರಿಸಿತ್ತು. ನೋಡದಿದ್ದದ್ದು ನಾನು.

ಇನ್ನು ಬೈಗುಳದ ಭಾಗ. ಇದರಲ್ಲಿ ನಮ್ಮ ಸ್ವಂತ ವಾಕ್ಯ ಟೈಪ್ ಮಾಡಿ ನೋಡಲು ಆಗುವುದಿಲ್ಲ. ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್ ಪುಟಕ್ಕೆ ಹೋದರೆ ಬೇಕಾದ್ದನ್ನು ಟೈಪ್ ಮಾಡಿ ನೋಡಬಹುದು, ಆದರೆ ಇನ್‌ಸ್ಟಾಲ್ ಆದ ಫಾಂಟಿಗೆ ಮಾತ್ರ. ಮದುವೆಯಾದ ಮೇಲೆ ಹೆಣ್ಣು ನೋಡಲು ಹೋದ ಹಾಗೆ. ಇಂಗ್ಲಿಷ್ ಅಕ್ಷರಗಳೂ ಸೇರಿರುವ ಕನ್ನಡ ಫಾಂಟ್ ತೆರೆದರೆ ನನ್ನ ಕಂಪ್ಯೂಟರ್‌ನಲ್ಲಿ ಕಾಣುವುದು ಅದೇ ನರಿ, ಅದೇ ನಾಯಿ. ಕನ್ನಡದ ಒಂದಕ್ಷರವೂ ಇಲ್ಲ.

ಒಂದು ತಮಾಷೆಯ ಉಪಯೋಗ ಮಾತ್ರ ಇದೆ. ನುಡಿ, ಬರಹ ಸಾಫ್ಟ್‌ವೇರ್‌ಗಳ ಕಾಲದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಅಂಥದ್ದನ್ನು ಡಬಲ್ ಕ್ಲಿಕ್ ಮಾಡಿದರೆ ಆ ನರಿಯ ವಾಕ್ಯ ಕನ್ನಡದ ತಲೆಕಟ್ಟು, ಒತ್ತು, ಅರ್ಧಂಬರ್ಧ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಹಾಗೆ ಕಂಡರೆ ಅದು ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ಅವುಗಳದೇ ಜಾಗವಿರುವ ಈಗಿನ ಪದ್ಧತಿ) ಅಲ್ಲ ಅಂತ ಎರಡೇ ಸೆಕೆಂಡಿನಲ್ಲಿ ತೀರ್ಮಾನ. ಹಳೇ ಸಿಡಿಗಳಿಂದ ಬಂದ ಫಾಂಟ್ ರಾಶಿಯನ್ನು ಬೇರೆ ಮಾಡಲು ನಾನು ಬಳಸುವುದು ಇದನ್ನೇ.

ಸ್ವಂತ ವಾಕ್ಯ ಬೇಕು ಅಂತ ಮಧ್ಯದಲ್ಲಿ ಒಂದು ಫಾಂಟ್ ಮ್ಯಾನೇಜರ್ ಹಾಕಿಕೊಂಡಿದ್ದೆ. ಫೋಲ್ಡರ್ ತೋರಿಸಿದರೆ ಅದರೊಳಗಿನ ಫಾಂಟ್‌ಗಳನ್ನೆಲ್ಲ ಇನ್‌ಸ್ಟಾಲ್ ಮಾಡದೆಯೇ ಸಾಲಾಗಿ ತೋರಿಸುವಂಥದ್ದು. ಖುಷಿಯಾಗಿ ‘ಕನ್ನಡ’ ಅಂತ ಟೈಪ್ ಮಾಡಿದೆ. ಇಪ್ಪತ್ತು ಫಾಂಟಿನಲ್ಲೂ ಒಂದೇ ಥರ ಕನ್ನಡ! ಯಾರೋ ಒಂದೇ ಅಕ್ಷರವನ್ನು ಕದ್ದು ಎಲ್ಲರೂ ಹಾಕಿಕೊಂಡಿದ್ದಾರೆ ಅಂತ ಅನುಮಾನ ಬಂತು. ವಿಷಯ ಅದಲ್ಲ. ಆ ಫಾಂಟ್‌ಗಳಲ್ಲಿ ಕನ್ನಡವೇ ಇರಲಿಲ್ಲ. ಇಲ್ಲದ ಅಕ್ಷರಕ್ಕೆ ಕಂಪ್ಯೂಟರ್ ಸದ್ದಿಲ್ಲದೆ ಬದಲಿ ಫಾಂಟ್ ಹಾಕುತ್ತದೆ. ವಿಂಡೋಸ್ 8ರಿಂದ ಈಚೆಗೆ ಸಾಮಾನ್ಯವಾಗಿ ಅದು ನಿರ್ಮಲಾ ಯುಐ. ನಾನು ಅರ್ಧ ಗಂಟೆ ಕೂತು ಮೆಚ್ಚಿದ್ದು ನಿರ್ಮಲಾಳನ್ನೇ.

ಅಲ್ಲಿಂದ ನನ್ನದೇ ಒಂದು ವ್ಯವಸ್ಥೆ ಮಾಡಿಕೊಂಡೆ. ಹತ್ತು ಸಾಲಿನ ಒಂದು ಎಚ್‌ಟಿಎಂಎಲ್ ಫೈಲ್, ಅಂದರೆ ಪುಟ್ಟ ವೆಬ್ ಪುಟ. ವೆಬ್ ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್‌ನ ಫಾಂಟ್-ಫೇಸ್ ನಿಯಮದಲ್ಲಿ ಹೊಸ ಫಾಂಟ್ ಫೈಲಿನ ಹೆಸರು ಬರೆದು ಬ್ರೌಸರ್‌ನಲ್ಲಿ ತೆರೆಯುತ್ತೇನೆ. ಬದಲಿ ಫಾಂಟಿನ ಜಾಗದಲ್ಲಿ ಬೇಕಂತಲೇ ಬಲೂ ತಮ್ಮ ಎಂಬ ಕನ್ನಡ ಫಾಂಟ್ ಇಟ್ಟಿದ್ದೇನೆ. ಅದು ಎಷ್ಟು ದಪ್ಪ ಅಂದರೆ ಕಣ್ಣಿಗೆ ಹೊಡೆಯುತ್ತದೆ. ತೆಳ್ಳಗಿನ ಫಾಂಟ್ ನಿರೀಕ್ಷಿಸಿದ ಕಡೆ ಗುಂಡುಗುಂಡಾದ ಅಕ್ಷರ ಬಂತು ಅಂದರೆ ಆ ಅಕ್ಷರ ಹೊಸ ಫಾಂಟಿನಲ್ಲಿ ಇಲ್ಲ ಅಂತ ಅರ್ಥ.

ಆ ಪುಟದಲ್ಲಿರುವ ಪದಗಳು ಇವು: ಜ್ಯೋತ್ಸ್ನೆ, ರಾಷ್ಟ್ರ, ಅರ್ಘ್ಯ, ಲಕ್ಷ್ಮಿ, ಕೃಷ್ಣ, ವಿಜ್ಞಾನ, ಫ಼್ಯಾನ್. ಚಂದಕ್ಕೆ ಆರಿಸಿದ್ದಲ್ಲ, ಒಂದೊಂದೂ ಒಂದೊಂದು ಬಲೆ. ಜ್ಯೋತ್ಸ್ನೆಯಲ್ಲಿ ತಕಾರದ ಕೆಳಗೆ ಎರಡು ಒತ್ತು ಬರಬೇಕು. ಅರೆಬೆಂದ ಫಾಂಟ್‌ಗಳಲ್ಲಿ ಅವು ಒಂದರ ಮೇಲೊಂದು ಬಿದ್ದು ಮಸಿಯಾಗುತ್ತವೆ. ಅರ್ಘ್ಯದಲ್ಲಿ ಯ ಒತ್ತೂ ಬೇಕು, ಅರ್ಕಾವತ್ತೂ ಬೇಕು. ಎರಡಕ್ಕೂ ಜಾಗ ಬಿಟ್ಟಿದ್ದಾರಾ ಅಂತ ಅಲ್ಲಿ ತಿಳಿಯುತ್ತದೆ. ಫ಼ಕಾರದ ಎರಡು ಚುಕ್ಕಿಯನ್ನು ಎಷ್ಟೋ ಫಾಂಟ್‌ಗಳು ಮರೆತೇ ಬಿಟ್ಟಿರುತ್ತವೆ. ಇದನ್ನೆಲ್ಲ ಎರಡು ಸಾಲಾಗಿ ಒಂದರ ಕೆಳಗೊಂದು ಇಡುತ್ತೇನೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದಾ ಅಂತ ಒಂದೇ ಸಾಲಿನಲ್ಲಿ ಗೊತ್ತಾಗುವುದಿಲ್ಲ. ಅಳತೆಯೂ ಅಷ್ಟೇ, ಪುಸ್ತಕದಲ್ಲಿ ಹಾಕುವ ಅಳತೆಯಲ್ಲೇ ನೋಡಬೇಕು. 72 ಪಾಯಿಂಟಿನಲ್ಲಿ ಎಲ್ಲ ಫಾಂಟೂ ಚಂದವೇ.

ಅನುಮಾನ ಜಾಸ್ತಿಯಾದರೆ ಹಾರ್ಫ್‌ಬಜ್ ಜೊತೆ ಬರುವ ಎಚ್‌ಬಿ-ವ್ಯೂ ಬಳಸುತ್ತೇನೆ. ಕಮಾಂಡ್ ಲೈನಿನ ಸಾಧನ. ಫಾಂಟ್ ಫೈಲ್ ಮತ್ತು ಒಂದು ಪದ ಕೊಟ್ಟರೆ ಚಿತ್ರ ಮಾಡಿ ಕೊಡುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅಕ್ಷರ ಜೋಡಿಸಲು ನಂಬಿರುವುದು ಹಾರ್ಫ್‌ಬಜ್ಜನ್ನೇ. ಇಲ್ಲಿ ಒತ್ತು ಸರಿಯಾಗಿ ಬಂದು ಪುಟ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಕೆಟ್ಟರೆ ಮೊದಲ ಅನುಮಾನ ಸಾಫ್ಟ್‌ವೇರ್ ಮೇಲೆ. ಅನೆಕ್ ಕನ್ನಡದಂಥ, ಒಂದೇ ಫೈಲಿನಲ್ಲಿ ದಪ್ಪ, ಅಗಲ ಬದಲಾಗುವ ವೇರಿಯಬಲ್ ಫಾಂಟ್ ಆದರೆ ವಾಕಮೈ ಫಾಂಡ್ಯೂ ಎಂಬ ವೆಬ್‌ಸೈಟ್ ಒಳ್ಳೆಯದು. ಫೈಲನ್ನು ಎಳೆದು ಹಾಕಿದರೆ ದಪ್ಪ, ಅಗಲಗಳನ್ನು ಜಾರಿಸಿ ನೋಡಬಹುದು. ಫಾಂಟ್ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ, ಎಲ್ಲ ನಿಮ್ಮ ಬ್ರೌಸರ್‌ನಲ್ಲೇ.

ಮ್ಯಾಕ್ ಇರುವವರಿಗೆ ಸ್ಪೇಸ್ ಬಾರ್ ಒತ್ತಿದರೆ ಸಾಕು, ಫಾಂಟ್ ಇಣುಕುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಫಾಂಟ್ ಬುಕ್. ಲಿನಕ್ಸ್‌ನ ಗ್ನೋಮ್‌ನಲ್ಲೂ ಇಂಥದ್ದೇ ಒಂದು ವ್ಯೂವರ್ ಇದೆ. ಅವುಗಳ ಜೊತೆ ನನಗೆ ಒಡನಾಟ ಕಡಿಮೆ.

‘ಸುಮ್ನೆ ನೋಡಿದರೆ ಏನಾಗುತ್ತೆ’ ಅನ್ನುವವರಿಗೆ ಒಂದು ವಿಷಯ. 2020ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತಾನೇ ಎಚ್ಚರಿಕೆ ಕೊಟ್ಟಿತ್ತು. ವಿಂಡೋಸ್‌ನೊಳಗಿನ ಅಡೋಬಿ ಟೈಪ್ ಮ್ಯಾನೇಜರ್ ಲೈಬ್ರರಿಯಲ್ಲಿ ತೂತು ಇತ್ತು. ಕುತಂತ್ರದಿಂದ ಮಾಡಿದ ಫಾಂಟಿರುವ ಫೈಲನ್ನು ತೆರೆಯುವುದೇ ಬೇಡ, ಎಕ್ಸ್‌ಪ್ಲೋರರ್‌ನ ಪ್ರಿವ್ಯೂ ಪೇನ್‌ನಲ್ಲಿ (ಫೈಲ್ ತೆರೆಯದೆಯೇ ಪಕ್ಕದಲ್ಲಿ ತೋರಿಸುವ ಭಾಗ) ಕಂಡರೂ ಅಪಾಯ ಅಂತ ಹೇಳಿ, ಆ ಪೇನ್ ಆಫ್ ಮಾಡಿಡಲು ಸೂಚಿಸಿತ್ತು. ಏಪ್ರಿಲ್‌ನಲ್ಲಿ ಅಪ್‌ಡೇಟ್ ಬಂತು. ನಾನು ಪೇನ್ ಅವತ್ತು ಆಫ್ ಮಾಡಿದ್ದು, ಮತ್ತೆ ಆನ್ ಮಾಡಲಿಲ್ಲ. ಎಲ್ಲಿಂದಲೋ ಬಂದ ಫಾಂಟ್ ಆದರೆ ಫೈಲಿನ ಕೊನೆಯಲ್ಲಿ ನಿಜವಾಗಿ ಟಿಟಿಎಫ್ ಅಥವಾ ಒಟಿಎಫ್ ಅಂತಲೇ ಇದೆಯಾ ಅಂತ ನೋಡಿಯೇ ಮುಟ್ಟುವುದು.

ಅಂಕ ಕೊಡಲೇಬೇಕು ಅಂದರೆ ವ್ಯೂವರ್‌ಗೆ 5ಕ್ಕೆ 3. ಕನ್ನಡ ಟೈಪ್ ಮಾಡಲು ಒಂದು ಚೌಕ ಕೊಟ್ಟಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ನಿನ್ನೆ ಸಂಜೆಯೂ ಒಂದು ಹೊಸ ಫಾಂಟ್ ಬಂತು. ವ್ಯೂವರ್‌ನಲ್ಲಿ ನರಿ ಬಹಳ ಚಂದ ಕಂಡಿತು. ನನ್ನ ಪುಟದಲ್ಲಿ ಹಾಕಿ ನೋಡಿದೆ. ಜ್ಯೋತ್ಸ್ನೆಯ ನ ಒತ್ತು ಕೆಳಗಿನ ಸಾಲಿನ ದೀರ್ಘವನ್ನು ಕಚ್ಚಿ ಹಿಡಿದಿತ್ತು. ಇನ್‌ಸ್ಟಾಲ್ ಒತ್ತದೆ ಮುಚ್ಚಿದೆ.