ಶೆನ್‌ಝೆನ್‌ನಲ್ಲಿ ಎರಡು ಬಾಡಿಗೆ ಮನೆ: ಬೈಶಿಝೋ ಓಣಿ ಮತ್ತು 23ನೇ ಮಹಡಿ

ಚೀನಾದ ಶೆನ್‌ಝೆನ್‌ಗೆ ಕೆಲಸಕ್ಕೆ ಹೊರಟವರು ನನ್ನನ್ನು ಮೊದಲು ಕೇಳುವುದು, ಮನೆ ಎಲ್ಲಿ ಮಾಡಬೇಕು ಎಂದು. ನಾನು ಅಲ್ಲಿ ಎರಡು ತರಹದ ಮನೆಗಳಲ್ಲಿದ್ದೆ. 2016ರ ಮಾರ್ಚ್‌ನಿಂದ 2018ರ ಜುಲೈವರೆಗೆ ಬೈಶಿಝೋದಲ್ಲಿ ಒಂಟಿ ಕೋಣೆ. ಹೆಂಡತಿ ಬಂದ ಮೇಲೆ, 2019ರ ಕೊನೆಯವರೆಗೆ, ಗೇಟು, ಕಾವಲು, ಲಿಫ್ಟು ಎಲ್ಲ ಇರುವ ವಸತಿ ಸಮುಚ್ಚಯದ 23ನೇ ಮಹಡಿ. ಇಂಥದ್ದಕ್ಕೆ ಅಲ್ಲಿ ಶಿಯಾವ್‌ಛು ಎನ್ನುತ್ತಾರೆ. ನನ್ನ ಆಫೀಸು ಹೈಟೆಕ್ ಪಾರ್ಕ್‌ನಲ್ಲಿ, ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸ. ಬೈಶಿಝೋದಿಂದ ಮೆಟ್ರೋ 1ನೇ ಲೈನಿನಲ್ಲಿ ಒಂದೇ ಸ್ಟಾಪು.

ಬೈಶಿಝೋ ನಗರದೊಳಗಿನ ಹಳ್ಳಿ. 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ಶೆನ್‌ಝೆನ್ ಸುತ್ತಲಿನ ಗದ್ದೆ, ತೋಟಗಳನ್ನು ತೆಗೆದುಕೊಳ್ಳುತ್ತಾ ಬೆಳೆಯಿತು. ಹಳ್ಳಿಯವರಿಗೆ ಉಳಿದದ್ದು ಮನೆ ಕಟ್ಟಿಕೊಂಡ ಜಾಗ. ಅದರ ಮೇಲೆಯೇ ಆರು, ಏಳು, ಎಂಟು ಮಹಡಿ ಎಬ್ಬಿಸಿ ಕೋಣೆ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರು. 2004ರಲ್ಲಿ ಶೆನ್‌ಝೆನ್‌ನ ರೈತರೆಲ್ಲ ಕಾಗದದ ಮೇಲೆ ನಗರವಾಸಿಗಳಾದರೂ ಜನ ಆ ಕಟ್ಟಡಗಳನ್ನು ‘ನೋಂಗ್‌ಮಿನ್ ಫಾಂಗ್’, ಅಂದರೆ ರೈತರ ಮನೆ ಎಂದೇ ಕರೆಯುತ್ತಿದ್ದರು. ಇನ್ನೊಂದು ಹೆಸರು, ಕೈಕುಲುಕುವ ಕಟ್ಟಡ. ನನ್ನ ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯ ಸರಳು ನಿಜಕ್ಕೂ ಸಿಗುತ್ತಿತ್ತು. ಸುಮಾರು ಒಂದೂವರೆ ಲಕ್ಷ ಜನ ಹಾಗೆ ಒತ್ತಿಕೊಂಡು ಬದುಕುತ್ತಿದ್ದರು. ಡೆಲಿವರಿ ಹುಡುಗರು, ಸಾಫ್ಟ್‌ವೇರ್ ಬರೆಯುವವರು, ಹೋಟೆಲಿನ ಅಡುಗೆಯವರು, ಎಲ್ಲರೂ ಒಂದೇ ಮೆಟ್ಟಿಲಲ್ಲಿ ಎದುರಾಗುತ್ತಿದ್ದರು.

ಬೈಶಿಝೋ ಕೋಣೆಗೆ ನಾನು ಕೊಟ್ಟದ್ದು ತಿಂಗಳಿಗೆ 1,700 ಯುವಾನ್. 23ನೇ ಮಹಡಿಯ ಎರಡು ಕೋಣೆಯ ಮನೆಗೆ 6,800. ಎರಡು ಕಡೆಯೂ ಎರಡು ತಿಂಗಳ ಮುಂಗಡ. ಹಳ್ಳಿಯಲ್ಲಿ ಕರೆಂಟಿಗೆ ಮನೆಯೊಡತಿ ಹೇಳಿದ್ದೇ ದರ, ಯೂನಿಟ್‌ಗೆ ಒಂದೂವರೆ ಯುವಾನ್, ಸರ್ಕಾರಿ ದರದ ದುಪ್ಪಟ್ಟು. ಅದನ್ನು ಲೆಕ್ಕ ಹಿಡಿದರೂ ಮೊದಲ ಎರಡು ವರ್ಷ ಊರಿನ ಸಾಲ ತೀರಿದ್ದು ಆ ಕೋಣೆಯಿಂದ.

ಅದಕ್ಕೆ ಕೊಟ್ಟ ಬೆಲೆ ಬೆಳಕು. ಮೂರನೇ ಮಹಡಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕಬೇಕು. ಭಾನುವಾರ ಎಚ್ಚರವಾದರೆ ಬೆಳಗೋ ಸಂಜೆಯೋ ತಿಳಿಯದೆ ಫೋನ್ ನೋಡುತ್ತಿದ್ದೆ. ಚಳಿಗಾಲ ಮುಗಿಯುವಾಗ ದಕ್ಷಿಣದಿಂದ ಬಿಸಿ ತೇವದ ಗಾಳಿ ತಿರುಗಿ ಬರುತ್ತದೆ. ಆಗ ತಣ್ಣಗಿನ ಗೋಡೆ, ನೆಲ ಎಲ್ಲ ಬೆವರುತ್ತವೆ. ನಾನು ಶಿರಸಿಯವನು, ಆಷಾಢದಲ್ಲಿ ಒಣಗದ ಬಟ್ಟೆ ನನಗೆ ಹೊಸದಲ್ಲ. ಆದರೂ ಚರ್ಮದ ಬೆಲ್ಟು, ಪಾಸ್‌ಪೋರ್ಟಿನ ಕವರು ಬೂಷ್ಟು ಹಿಡಿದದ್ದು ನೋಡಿ ಕಂಗಾಲಾಗಿದ್ದೆ. 23ನೇ ಮಹಡಿಗೆ ಬಂದ ಮೊದಲ ಸಂಜೆ ಇಬ್ಬರೂ ಏನೂ ಮಾಡದೆ ಬಾಲ್ಕನಿಯಲ್ಲಿ ಬಿಸಿಲು ಇಳಿಯುವವರೆಗೆ ಕೂತಿದ್ದೆವು. ಬೆಳಕಿನ ವಿಷಯದಲ್ಲಿ ಹಳ್ಳಿಯ ಪರ ನಾನು ಒಂದು ಮಾತೂ ಆಡಲಾರೆ.

ಚಂಡಮಾರುತದ ವಿಷಯ ಬೇರೆ. 2017ರ ಆಗಸ್ಟ್‌ನಲ್ಲಿ ಹಾಟೊ ಝುಹಾಯ್ ಬಳಿ ದಡ ಮುಟ್ಟಿದ ದಿನ ನಮ್ಮ ಓಣಿಯಲ್ಲಿ ನೀರು ನಿಂತಿತು, ಗಾಳಿ ಮಾತ್ರ ಕಟ್ಟಡಗಳ ಸಂದಿಗೆ ಅಷ್ಟಾಗಿ ಇಳಿಯಲಿಲ್ಲ. ಮರುವರ್ಷ ಸೆಪ್ಟೆಂಬರ್ 16ರಂದು ಮಾಂಗ್‌ಖೂಟ್ ಬಂದಾಗ 23ನೇ ಮಹಡಿಯಲ್ಲಿ ಗಾಜಿಗೆಲ್ಲ ಟೇಪು ಅಂಟಿಸಿ ಬಚ್ಚಲುಮನೆಯಲ್ಲಿ ಕೂತೆವು. ಕಟ್ಟಡ ತೂಗುವುದು ಬೆನ್ನಿಗೆ ತಿಳಿಯುತ್ತಿತ್ತು.

ವಿದೇಶಿಯರು ಮನೆ ಹೊಕ್ಕ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕು. ಬೈಶಿಝೋದಲ್ಲಿ ಮನೆಯೊಡತಿಯೇ ಠಾಣೆಯವರೆಗೆ ನಡೆದು ಬಂದು ನನ್ನ ಪರವಾಗಿ ಮಾತಾಡಿದರು. ಮೇಲಿನ ಮನೆಯ ಮಾಲೀಕರ ಮುಖ ನಾನು ಕಂಡಿಲ್ಲ, ಅವರ ಆಸ್ತಿಪತ್ರದ ಫೋಟೋ ಫೋನಿನ ವಿಚಾಟ್ ಆ್ಯಪ್‌ನಲ್ಲಿ ಬಂತು. ಪಾರ್ಸೆಲ್ಲಿನದೂ ಹಾಗೇ. ಹಳ್ಳಿಯಲ್ಲಿ ಕೆಳಗಿನ ಕಿರಾಣಿ ಅಂಗಡಿಯವರು ಇಟ್ಟುಕೊಳ್ಳುತ್ತಿದ್ದರು. ಬಿಡಿಸಿಕೊಳ್ಳಬೇಕಾದರೆ ನಾನು ಮನೆ ನಂಬರನ್ನು ಚೀನೀ ಭಾಷೆಯಲ್ಲಿ ಸರಿಯಾದ ಸ್ವರದಲ್ಲಿ ಹೇಳಬೇಕು, ತಪ್ಪಿದರೆ ತಿದ್ದಿ ಮತ್ತೆ ಹೇಳಿಸುತ್ತಿದ್ದರು. ಮೇಲೆ ಹೋದ ಮೇಲೆ ಉಕ್ಕಿನ ಲಾಕರು, ಫೋನಿಗೆ ಬರುವ ಸಂಖ್ಯೆ. ನನ್ನ ಚೀನೀ ಭಾಷೆ ಅಲ್ಲಿಗೇ ನಿಂತಿತು, ಆಮೇಲೆ ಬೆಳೆಯಲೇ ಇಲ್ಲ.

ಇಷ್ಟರ ಮೇಲೆ, ಹಳ್ಳಿಯಲ್ಲಿ ಜನರಿದ್ದರು, ಗೋಪುರದಲ್ಲಿ ಯಾರೂ ಇಲ್ಲ ಎಂದು ನಾನು ತೀರ್ಪು ಕೊಟ್ಟುಬಿಟ್ಟಿದ್ದೆ. ಅದನ್ನು ಒಡೆದವಳು ಹೆಂಡತಿ. ನಾನು ಬೆಳಿಗ್ಗೆ ಎಂಟೂವರೆಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವವನು, ಲಿಫ್ಟಿನಲ್ಲಿ ಎಲ್ಲರೂ ಫೋನ್ ನೋಡುತ್ತಿರುತ್ತಿದ್ದರು. ಅವಳು ಕಂಡದ್ದು ಬೆಳಗಿನ ಹತ್ತು ಗಂಟೆಯ ಅಂಗಳ. ಮೊಮ್ಮಕ್ಕಳನ್ನು ಸಾಕಲು ಹುನಾನ್, ಸಿಚುವಾನ್, ದೂರದ ಹೈಲೊಂಗ್‌ಜಿಯಾಂಗ್‌ನಿಂದ ಬಂದ ಅಜ್ಜಿಯರು ಅಲ್ಲಿ ಸೇರುತ್ತಿದ್ದರು. ಊರು ಬಿಟ್ಟು ಹೀಗೆ ತೇಲುವ ಹಿರಿಯರಿಗೆ ಅಲ್ಲಿ ‘ಲಾವ್‌ಪ್ಯಾವ್’ ಎಂಬ ಹೆಸರೇ ಇದೆ. ಒಬ್ಬರ ಆಡುಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಮಂಡಿನೋವಿಗೆ ಡಾಕ್ಟರ ಬಳಿ ಹೋಗಲೂ ಹಿಂದೆಮುಂದೆ ನೋಡುತ್ತಿದ್ದರು, ವೈದ್ಯಕೀಯ ವಿಮೆ ಇರುವುದು ಊರಿನಲ್ಲಿ. ಭಾಷೆ ಬಾರದ ನನ್ನ ಹೆಂಡತಿ ಅವರ ನಡುವೆ ಬೇರೆಯವಳಾಗಿ ಕಾಣಲೇ ಇಲ್ಲ. ಹಿರಿಯ ಹೆಂಗಸರನ್ನು ಚೀನಾದಲ್ಲಿ ‘ಆಯಿ’ ಎಂದು ಕರೆಯುತ್ತಾರೆ. ನಮ್ಮ ಮನೆಗಳಲ್ಲಿ ಅಮ್ಮನನ್ನು ಕರೆಯುವುದೂ ಆಯಿ ಎಂದೇ. ಆ ಒಂದು ಪದದಿಂದ ಶುರುಮಾಡಿ ಆರು ತಿಂಗಳಲ್ಲಿ ಅವಳು ಮೂರು ಮನೆಗಳ ಅಡುಗೆಮನೆ ಹೊಕ್ಕಿದ್ದಳು. ನಾನು ಬೈಶಿಝೋದಲ್ಲಿ ಎರಡು ವರ್ಷ ಇದ್ದರೂ ಯಾರ ಅಡುಗೆಮನೆಯನ್ನೂ ಕಂಡಿರಲಿಲ್ಲ.

ಹಾಗಾಗಿ ಈಗ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಒಬ್ಬರೇ ಹೋಗುತ್ತಿದ್ದೀರಿ, ಭಾಷೆ ಕಲಿಯಬೇಕು, ಹಣ ಉಳಿಸಬೇಕು ಎಂದರೆ ಹಳ್ಳಿ. ಸಂಸಾರ ಕರೆದುಕೊಂಡು ಹೋಗುವುದಾದರೆ ಬಿಸಿಲು ಬೀಳುವ ಮಹಡಿ, ಆದರೆ ಹಗಲು ಮನೆಯಲ್ಲಿರುವವರ ಕಣ್ಣಿನಿಂದ ಜಾಗ ಆರಿಸಿ. ಬೈಶಿಝೋವನ್ನೇ ಹುಡುಕಿಕೊಂಡು ಹೋಗಬೇಡಿ. 2019ರ ಬೇಸಿಗೆಯಲ್ಲಿ, ಕಟ್ಟಡಗಳನ್ನು ಕೆಡವುವುದಿದೆ, ಕೋಣೆ ಖಾಲಿ ಮಾಡಿ ಎಂಬ ನೋಟಿಸುಗಳು ಬಾಗಿಲುಗಳ ಮೇಲೆ ಬಂದವು. ಮಕ್ಕಳ ಶಾಲೆಯ ಸೀಟು ಬಾಡಿಗೆ ಕರಾರಿಗೆ ಅಂಟಿಕೊಂಡಿದ್ದರಿಂದ ಮಕ್ಕಳಿರುವವರು ಹತ್ತಿರದಲ್ಲೇ ಮನೆ ಹುಡುಕಿ ಸುಸ್ತಾದರು. ನಾನು ಆಗಸ್ಟ್‌ನಲ್ಲಿ ಹೋದಾಗ ಕಿರಾಣಿ ಅಂಗಡಿಯ ಷಟರು ಎಳೆದಿತ್ತು.

ಓಣಿಯ ಬಾಯಲ್ಲಿ ಚಾವ್‌ಶಾನ್ ಕಡೆಯ ಒಬ್ಬರು ಛಾಂಗ್‌ಫೆನ್ ಮಾಡುತ್ತಿದ್ದರು. ಅಕ್ಕಿಹಿಟ್ಟನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತುವುದು. ಕಾವಲಿ ಕಾಣದ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಎನ್ನಬಹುದು. ನನಗೆ ಮೊಟ್ಟೆ, ಮಾಂಸ ಬೇಡ, ಸೊಪ್ಪು ಮಾತ್ರ ಎಂದು ಅವರಿಗೆ ಗೊತ್ತಿತ್ತು. ನವೆಂಬರ್‌ನಲ್ಲಿ ಅವರಿಂದ ವಿಚಾಟ್‌ಗೆ ಒಂದು ನಕ್ಷೆ ಬಂತು, ಇನ್ನೊಂದು ಹಳ್ಳಿಯ ಹೊಸ ಅಂಗಡಿ, ಮೆಟ್ರೋದಲ್ಲಿ ಒಂದು ಗಂಟೆಯ ದಾರಿ. ಊರಿಗೆ ಮರಳುವ ಮುಂಚಿನ ಭಾನುವಾರ ಇಬ್ಬರೂ ಹೋದೆವು. ನನ್ನ ಮುಖ ಕಂಡದ್ದೇ ಅವರು ಮೊಟ್ಟೆಯ ತಟ್ಟೆ ಆಚೆ ಸರಿಸಿ ಹಿಟ್ಟು ಹೊಯ್ದರು.